ಸುತ್ತಿಗೆ ನಿಂತ ಹೊತ್ತು

ಠಕ್. ಮೂರು ಎಣಿಸುವಷ್ಟು ಬಿಡುವು. ಮತ್ತೆ ಠಕ್.

ವಿದ್ಯುತ್ ಸ್ಥಾವರದ ಗೋಡೆಯಾಚೆಯಿಂದ ಬರುವ ಈ ಸದ್ದು ಲಾಂಡ್ರಿ ಬೀದಿಯ ಜನಕ್ಕೆ ಅವರವರ ಉಸಿರಿನಷ್ಟೇ ಹಳೆಯದು. ಯಾರೋ ದೂರದಲ್ಲಿ ಕಬ್ಬಿಣದ ಬಾಗಿಲು ತಟ್ಟುತ್ತಲೇ ಇದ್ದಾರೆ, ಆದರೆ ಒಳಗೆ ಬರುವ ಆತುರವೇನೂ ಅವರಿಗಿಲ್ಲ ಎನ್ನುವಂಥ ಸದ್ದು. ಅದು ಇರುವಷ್ಟು ಹೊತ್ತು ಯಾರಿಗೂ ಕೇಳಿಸುವುದಿಲ್ಲ. ನಿಂತಾಗ ಮಾತ್ರ ಇಡೀ ಬೀದಿಗೆ ಕೇಳಿಸುತ್ತದೆ.

ಆ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಅದು ನಿಂತಿತು.

"ನಿಂತಿತು ನೋಡೇ," ಎಂದರು ಅತ್ತೆ, ತೊಟ್ಟಿಯೊಳಗಿಂದ ಕೈ ತೆಗೆಯದೆ.

ನೀಲಿಯಕ್ಕ ಆಗಲೇ ಓಡಿದ್ದಳು. ಹಗ್ಗಗಳ ಮೇಲೆ ಆಸ್ಪತ್ರೆಯ ನಲವತ್ತು ಬೆಡ್‌ಶೀಟುಗಳಿದ್ದವು. ಅಕ್ಕಪಕ್ಕದ ಮನೆಗಳಿಂದಲೂ ಹೆಂಗಸರು, ಗಂಡಸರು ಹೊರಗೆ ಬಂದು ಒದ್ದೆಯೋ ಒಣಗಿದ್ದೋ ನೋಡದೆ ಬಟ್ಟೆ ಎಳೆಯತೊಡಗಿದರು. ಗಾಳಿ ಸ್ಥಾವರದ ಕಡೆಯಿಂದ ಬೀಸುತ್ತಿದ್ದರೆ ಒಂಬತ್ತು ನಿಮಿಷ ಸಿಗುತ್ತದೆ, ಅಡ್ಡ ಬೀಸುತ್ತಿದ್ದರೆ ಹದಿನೈದು. ಅವತ್ತು ಒಂಬತ್ತೇ. ಇಪ್ಪತ್ತಾರು ಶೀಟು ಒಳಗೆ ಬಂದವು. ಉಳಿದ ಹದಿನಾಲ್ಕರ ಮೇಲೆ, ಯಾರೋ ಜರಡಿ ಹಿಡಿದು ಸಣ್ಣಗೆ ಉದುರಿಸಿದಂತೆ, ಬೂದಿ ಇಳಿಯಿತು.

ಅವಳು ಹೊಸ್ತಿಲಲ್ಲಿ ನಿಂತು ಅದನ್ನು ನೋಡಿದಳು. ಬೂದಿಗೆ ಸದ್ದಿಲ್ಲ, ವಾಸನೆಯೂ ಅಷ್ಟಾಗಿ ಇಲ್ಲ. ನೋಡಲು ಅದೇನೂ ಕೆಟ್ಟದ್ದಲ್ಲ. ಬಿಳಿಯ ಮೇಲೆ ಬೂದುಬಣ್ಣ ಇಳಿಯುವ ಬಗೆಯಲ್ಲಿ ಒಂದು ಮೆಲ್ಲನೆಯ ಮರ್ಯಾದೆಯೂ ಇತ್ತು, ಕರೆಯದೆ ಬಂದ ನೆಂಟ ಮೂಲೆಯಲ್ಲಿ ಕುಳಿತ ಹಾಗೆ. ಕೆಮ್ಮು ಆಮೇಲೆ ಬರುತ್ತದೆ.

ಹದಿಮೂರು ಶೀಟುಗಳನ್ನು ಮತ್ತೆ ತೊಟ್ಟಿಗೆ ಹಾಕಿದಳು. ಹದಿನಾಲ್ಕನೆಯದನ್ನು ಮಾತ್ರ ನಾಲ್ಕೂ ಮೂಲೆ ಹಿಡಿದು, ಬೂದಿ ಚೆಲ್ಲದಂತೆ ಒಳಮುಖವಾಗಿ ಮಡಚಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿಟ್ಟಳು. ಗುರುವಾರ ಅದರ ಕೆಲಸವಿತ್ತು. ಶಾಸನಸಭೆಯ ಇಂಧನ ಸಮಿತಿ ಅವತ್ತು ಸಾರ್ವಜನಿಕರ ಅಹವಾಲು ಕೇಳುವುದಿತ್ತು. ಮುಚ್ಚುವ ವರ್ಷ ಬಂದಿದ್ದ ಸ್ಥಾವರ ಇನ್ನೂ ಹತ್ತು ವರ್ಷ ಕಲ್ಲಿದ್ದಲು ಸುಡಲು ಅನುಮತಿ ಕೇಳಿತ್ತು. ಹೇಳುವುದೇನಾದರೂ ಇದ್ದವರು ಬಂದು ಮೂರು ನಿಮಿಷದಲ್ಲಿ ಹೇಳಬಹುದು ಎಂದು ಪ್ರಕಟಣೆ ಹೊರಟಿತ್ತು.

ಅವಳಿಗೆ ಹೇಳುವುದಿತ್ತು. ಎಂಟು ವರ್ಷದ್ದಿತ್ತು.

*

ಹತ್ತೊಂಬತ್ತನೆಯ ವಯಸ್ಸಿಗೆ ಸೊಸೆಯಾಗಿ ಈ ಬೀದಿಗೆ ಬಂದವಳು ಅವಳು. ಓದಿದ್ದು ಏಳನೆಯ ತರಗತಿ. ಬಂದ ಮೊದಲ ವಾರವೇ ಅತ್ತೆ ಅವಳ ಕೈಗೆ ನೀಲಿಯ ಬಟ್ಟಲು ಕೊಟ್ಟಿದ್ದರು. ಬಿಳಿ ಬಟ್ಟೆಯನ್ನು ಕೊನೆಯ ನೀರಿನಿಂದ ತೆಗೆಯುವ ಮೊದಲು ಎಷ್ಟು ನೀಲಿ ಕಲಸಬೇಕೆಂಬುದು ಅಳತೆಗೆ ಸಿಗುವ ವಿದ್ಯೆಯಲ್ಲ, ಹೆಬ್ಬೆರಳಿಗೆ ಸಿಗುವ ವಿದ್ಯೆ. ಬೆರಳು ಅದ್ದಿ ಉಗುರಿನ ಬುಡ ನೋಡಬೇಕು. ಇಪ್ಪತ್ತೇಳು ವರ್ಷ ಅದ್ದಿ ಅದ್ದಿ ಅವಳ ಬಲಗೈ ಹೆಬ್ಬೆರಳು ಯಾವ ಸೋಪಿಗೂ ಬಗ್ಗದ ನೀಲಿಯಾಗಿತ್ತು. ಹೆತ್ತವರಿಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯಿತು. ಬೀದಿಗೆ ಅವಳು ನೀಲಿಯಕ್ಕ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಇಸ್ತ್ರಿ ಸುಟ್ಟರೆ, ಬಣ್ಣ ಬೆರೆತರೆ, ಒಗೆದ ಬಟ್ಟೆಯನ್ನು ಮತ್ತೆ ಒಗೆಯಬೇಕಾಗಿ ಬಂದರೆ, ತಪ್ಪು ಯಾರದೋ ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ನೀಲಿ ಹೆಬ್ಬೆರಳು ಒತ್ತಬೇಕು. ಬೈಗುಳವಿಲ್ಲ, ದಂಡವಿಲ್ಲ. ತಿಂಗಳಿಡೀ ಬರುವವರು ಹೋಗುವವರು ಆ ಗುರುತು ನೋಡುತ್ತಾರಲ್ಲ, ಅದೇ ಸಾಕು. ಮದುವೆಯಾದ ಹೊಸದರಲ್ಲಿ ಅವಳ ಗಂಡ ಒಂದೇ ತಿಂಗಳಲ್ಲಿ ನಾಲ್ಕು ಸಲ ಒತ್ತಿದ್ದ. "ಹೆಂಡತಿ ಮುಖ ನೋಡ್ಕೊಂಡು ಇಸ್ತ್ರಿ ಹಾಕಿದ್ರೆ ಇನ್ನೇನಾಗುತ್ತೆ," ಎಂದು ಅತ್ತೆ ಗೋಡೆಗೆ ಹೇಳಿದ್ದರು.

ಬೂದಿ ಬೀಳತೊಡಗಿದ ಮೊದಲ ಬೇಸಿಗೆಯಲ್ಲಿ ಕಟ್ಟಳೆಗೆ ತೊಡಕಾಯಿತು. ಇಡೀ ಗಂಟು ಮತ್ತೆ ಒಗೆಯಬೇಕಾಗಿತ್ತು, ತಪ್ಪು ಮಾತ್ರ ಮನೆಯೊಳಗಿನ ಯಾರದೂ ಆಗಿರಲಿಲ್ಲ.

"ಈಗ ಯಾರ ಬೆರಳು ಒತ್ತೋದು?" ಎಂದು ಅತ್ತೆ ಕೇಳಿದರು.

"ಸದ್ಯಕ್ಕೆ ನಂದು ಒತ್ತಿರ್ತೀನಿ ಅತ್ತೆ," ಎಂದಳು ನೀಲಿಯಕ್ಕ. "ಬೆರಳಿನ ಯಜಮಾನ ಸಿಕ್ಕಿದ ಮೇಲೆ ಅವನೇ ಬಂದು ಒತ್ತಲಿ."

ಆ ವರ್ಷ ಹನ್ನೊಂದು ಗುರುತು ಬಿದ್ದವು. ಮರುವರ್ಷ ಹತ್ತೊಂಬತ್ತು. ಹೋದ ವರ್ಷ ಅರವತ್ತಮೂರು. ಕ್ಯಾಲೆಂಡರುಗಳನ್ನು ಅವಳು ಎಸೆಯಲಿಲ್ಲ. ವರ್ಷ ಮುಗಿದಾಗ ಸುರುಳಿ ಸುತ್ತಿ ದಾರ ಕಟ್ಟಿ ಅಟ್ಟದ ಮೇಲಿಡುತ್ತಿದ್ದಳು.

ಸುತ್ತಿಗೆಯ ಗುಟ್ಟು ಹೇಳಿಕೊಟ್ಟವರು ಬೀದಿಯ ಕೊನೆಯ ಮನೆಯ ಬಾಯ್ಲರ್ ಮಾವ. ಮೂವತ್ತೆಂಟು ವರ್ಷ ಸ್ಥಾವರದಲ್ಲಿ ದುಡಿದು ನಿವೃತ್ತರಾದವರು, ಯಾರಿಗೂ ಸ್ವಂತ ಮಾವನಲ್ಲ, ಎಲ್ಲರಿಗೂ ಮಾವ. ಹೊಗೆ ಚಿಮಣಿಗೆ ಹೋಗುವ ಮೊದಲು ಮನೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯೊಂದನ್ನು ಹಾದುಹೋಗುತ್ತದಂತೆ. ಒಳಗೆ ಸಾಲುಸಾಲು ತಗಡುಗಳು. ಅವಕ್ಕೆ ಕರೆಂಟು ಕೊಟ್ಟರೆ ಬೂದಿ ಬಂದು ಅಂಟಿಕೊಳ್ಳುತ್ತದೆ, ಸಣ್ಣ ಸುತ್ತಿಗೆಗಳು ಠಕ್ ಠಕ್ ಎಂದು ತಗಡು ಬಡಿದು ಬೂದಿಯನ್ನು ಕೆಳಗೆ ಕೆಡವುತ್ತವೆ.

"ನಮ್ಮಲ್ಲಿ ಎರಡಕ್ಕೂ ಒಂದೇ ಸ್ವಿಚ್ಚು ಮಗಳೇ. ಸುತ್ತಿಗೆ ನಿಂತಿತು ಅಂದ್ರೆ ಫಿಲ್ಟರ್ ನಿಂತಿತು ಅಂತ ಲೆಕ್ಕ."

"ಯಾಕೆ ಮಾವ ನಿಲ್ಲಿಸ್ತಾರೆ?"

"ಆ ಫಿಲ್ಟರ್ ಇದೆಯಲ್ಲ, ಅದಕ್ಕೆ ಬಕಾಸುರನ ಹೊಟ್ಟೆ. ಸುಡುಬಿಸಿಲಲ್ಲಿ ಊರಿಗೂರೇ ಫ್ಯಾನು, ಏಸಿ ಹಾಕ್ಕೊಂಡು ಕೂತಾಗ ಇನ್ನೂ ಕರೆಂಟು ಕೊಡಿ ಅಂತ ಮೇಲಿಂದ ಫೋನ್ ಬರುತ್ತೆ. ಎಲ್ಲಿಂದ ತರೋದು? ಇದರ ಬಾಯಿ ಕಟ್ಟಿದ್ರೆ ಅಷ್ಟು ಉಳೀತು, ಮಾರಬಹುದು." ಮಾವ ಕನ್ನಡಕ ಒರೆಸಿಕೊಂಡು ದನಿ ತಗ್ಗಿಸಿದರು. "ಪುಸ್ತಕದಲ್ಲಿ ಇಪ್ಪತ್ನಾಲ್ಕು ಗಂಟೆ ಓಡಿದೆ ಅಂತಾನೇ ಬರೀತಾರೆ. ಆದ್ರೆ ತಿನ್ನೋದಕ್ಕೆಲ್ಲ ಒಂದು ಮೀಟರ್ ಇರುತ್ತೆ. ಫಿಲ್ಟರ್‌ಗೂ ಅದರದ್ದೇ ಮೀಟರ್ ಇದೆ, ಗಂಟೆಗಂಟೆಗೂ ಎಷ್ಟು ತಿಂದೆ ಅಂತ ತಾನೇ ಬರ್ಕೊಳ್ಳುತ್ತೆ. ಮನುಷ್ಯ ಸುಳ್ಳು ಬರೀಬಹುದು, ಅದಕ್ಕೆ ಬರೋದಿಲ್ಲ. ಇಲ್ಲಿ ತನಕ ಯಾರೂ ಅದನ್ನ ಕೇಳಿಲ್ಲ, ಅಷ್ಟೇ."

"ನೀವೇ ಸಮಿತಿ ಮುಂದೆ ಬಂದು ಹೇಳಬಾರದಾ?"

"ನನ್ನ ಪಿಂಚಣಿ ಅವರ ಕೈಯಲ್ಲಿದೆ ತಾಯಿ. ನನ್ನ ಮಾತು ನಿನ್ನ ಬಾಯಿಂದ ಬರಲಿ. ಮಾತಿಗೆ ಪಿಂಚಣಿ ಇಲ್ಲವಲ್ಲ, ಕಳ್ಕೊಳ್ಳೋ ಭಯ ಇಲ್ಲ."

ಹೀಗೆ ಅವಳಿಗೆ ಬೇಕಾದದ್ದು ಒಂದೇ ಆಯಿತು. ಆ ಮೀಟರಿನ ಓದನ್ನು ಸಮಿತಿ ತರಿಸಿಕೊಳ್ಳಬೇಕು. ಬೀದಿಯವರು ಎಷ್ಟು ಕೂಗಿದರೂ ಅದು ಕೂಗು ಮಾತ್ರ. ಸಮಿತಿ ಕೇಳಿದರೆ ಸ್ಥಾವರ ಕೊಡಲೇಬೇಕು. ಊರಿನ ಹವಾಮಾನ ಹೋರಾಟದ ಗುಂಪಿನಲ್ಲಿದ್ದ ಯುವ ವಕೀಲೆಯೊಬ್ಬಳು ಲಾಂಡ್ರಿ ಬೀದಿಯ ಪರವಾಗಿ ಅರ್ಜಿ ಬರೆದು, ನೀಲಿಯಕ್ಕನ ಹೆಸರನ್ನು ಸಾಕ್ಷಿಗಳ ಪಟ್ಟಿಗೆ ಸೇರಿಸಿದಳು.

*

ಬುಧವಾರ ಸಂಜೆ ವಕೀಲೆಯ ಕಚೇರಿಯಲ್ಲಿ ಮೂರು ನಿಮಿಷದ ಮಾತನ್ನು ಏಳು ಸಲ ಅಭ್ಯಾಸ ಮಾಡಿ ಮನೆಗೆ ಬಂದಾಗ, ಇಸ್ತ್ರಿ ಮೇಜಿನ ಮೇಲೆ ಒಂದೇ ಒಂದು ಬೆಡ್‌ಶೀಟು ಎಂಟು ಮಡಿಕೆಯಾಗಿ ಕುಳಿತಿತ್ತು. ಅಂಚಿಗೆ ಅಂಚು ಕೂಡಿಸಿದ, ಹಾಲಿನಂಥ ಬಿಳುಪು.

"ಅತ್ತೆ, ಪೆಟ್ಟಿಗೆಯಲ್ಲಿ ಒಂದು ಶೀಟು ಇಟ್ಟಿದ್ದೆ."

"ಇಟ್ಟಿದ್ದೆ. ಈಗ ಇಲ್ಲಿದೆ. ಕೊಳಕು ಬಟ್ಟೆಗೆ ಪೇಪರ್ ಸುತ್ತಿ ಒಳ್ಳೇ ಬಟ್ಟೆ ಜೊತೆ ಇಡ್ತಾರೇನೇ? ಬುದ್ಧಿನೂ ಪೇಪರಲ್ಲಿ ಸುತ್ತಿಟ್ಟಿದ್ಯಾ?"

"ಅದು ಸಾಕ್ಷಿ ಅತ್ತೆ. ನಾಳೆ ಸಭೆಗೆ."

"ಗೊತ್ತು. ನಿನ್ನ ಗಂಡ ಹೇಳಿದ. ಅದಕ್ಕೇ ಎರಡು ಸಲ ಒಗೆದೆ, ಅಂಚಿಗೆ ಗಂಜಿನೂ ಕೊಟ್ಟೆ." ಅತ್ತೆ ಹೆಮ್ಮೆಯಿಂದ ಶೀಟಿನ ಮೇಲೆ ಕೈಯಾಡಿಸಿದರು. ಸೊಸೆಯ ಮುಖ ನೋಡಿದ ಮೇಲೆ ಕೈ ಅಲ್ಲೇ ನಿಂತಿತು. "ಯಾಕೆ? ಸಾಕ್ಷಿ ಅಂದ್ರೆ ಕೊಳಕಾಗಿರಬೇಕಾ?"

"ಈ ಸಾಕ್ಷಿ ಕೊಳಕಾಗಿಯೇ ಇರಬೇಕಿತ್ತು."

ಇಸ್ತ್ರಿಪೆಟ್ಟಿಗೆ ತಣ್ಣಗಾಗುತ್ತಾ ಟಿಕ್ ಟಿಕ್ ಎನ್ನುತ್ತಿತ್ತು.

"ಐವತ್ತು ವರ್ಷದಲ್ಲಿ ಈ ಮನೆಯಿಂದ ಒಂದು ಮಾಸಿದ ಬಟ್ಟೆ ಹೊರಗೆ ಹೋಗಿಲ್ಲ," ಎಂದರು ಅತ್ತೆ ಕೊನೆಗೆ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ. "ದೊಡ್ಡವರು ಕೂತಿರೋ ಕಡೆ ಹೋಗುತ್ತೆ ಅಂದ. ನನ್ನ ಕೈ ಸುಮ್ಮನಿರಲಿಲ್ಲ ಕಣೇ."

ನೀಲಿಯಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಮಂಗಳವಾರದಿಂದ ಆ ಪೆಟ್ಟಿಗೆಯ ಪಕ್ಕ ಹಾದುಹೋಗುವಾಗಲೆಲ್ಲ ಅವಳ ಬೆರಳುಗಳೂ ತುರಿಸಿದ್ದವು. ಇಷ್ಟು ವರ್ಷ ಬೂದಿ ಬೀಳುತ್ತಿದ್ದರೂ ಊರಿಗೆ ಅದು ಕಾಣದೆ ಹೋದದ್ದು ಯಾಕೆಂದು ಅವಳಿಗೆ ಆ ಕ್ಷಣ ಹೊಳೆಯಿತು. ತಾವು ಒಗೆದುಬಿಟ್ಟಿದ್ದೆವು. ಬಿದ್ದದ್ದನ್ನೆಲ್ಲ ಒಗೆದು, ಒಣಗಿಸಿ, ಮಡಚಿ, ಏನೂ ಆಗಿಲ್ಲವೆಂಬಂತೆ ಊರಿಗೆ ಹಿಂದಿರುಗಿಸಿದ್ದೆವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದವರಿಗೂ ಹೊಳೆಯಾದರೂ ಹುಳಿಯಾಯಿತೇನೋ. ತಮ್ಮ ಕೆಲಸಕ್ಕೆ ಗುರುತೇ ಉಳಿದಿರಲಿಲ್ಲ.

"ಇರಲಿ ಅತ್ತೆ. ಬಿಳಿಯದನ್ನೇ ತಗೊಂಡು ಹೋಗ್ತೀನಿ."

"ಅದನ್ನ ತೋರಿಸಿ ಏನಂತ ಹೇಳ್ತೀಯ?"

"ನಮ್ಮತ್ತೆ ಒಗೆದದ್ದು ಅಂತ ಹೇಳ್ತೀನಿ."

ಅತ್ತೆ ಅಟ್ಟದ ಏಣಿ ಹಿಡಿದುಕೊಂಡು ನಿಂತರು, ಸೊಸೆ ಕ್ಯಾಲೆಂಡರ್ ಸುರುಳಿಗಳನ್ನು ಇಳಿಸಲಿ ಎಂದು.

*

ಗುರುವಾರದ ಬಿಸಿಲಲ್ಲಿ ಬಸ್ಸಿನ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಶಾಸನಸಭೆಯ ಕಟ್ಟಡದೊಳಗೆ ಮಾತ್ರ ತಣ್ಣಗಿತ್ತು. ಸಮಿತಿಯ ಕೊಠಡಿಯಲ್ಲಿ ಕುದುರೆಲಾಳದ ಆಕಾರದ ಮೇಜು, ಅದರ ಸುತ್ತ ಹನ್ನೊಂದು ಸದಸ್ಯರು, ಪ್ರತಿಯೊಬ್ಬರ ಮುಂದೆ ಮುಚ್ಚಳ ಹಾಕಿದ ನೀರಿನ ಲೋಟ. ಸಾಕ್ಷಿಯ ಕುರ್ಚಿಯ ಎದುರಿಗೆ ಮೂರು ಬಣ್ಣದ ಪುಟ್ಟ ದೀಪ. ಹಸಿರು ಎಂದರೆ ಮಾತಾಡಿ, ಹಳದಿ ಎಂದರೆ ಮುಗಿಸಿ, ಕೆಂಪು ಎಂದರೆ ಮೈಕು ಹೋಯಿತು.

ಮಡಿಲಲ್ಲಿ ಶೀಟು, ಅದರ ಮೇಲೆ ಎಂಟು ಸುರುಳಿ ಇಟ್ಟುಕೊಂಡು ನೀಲಿಯಕ್ಕ ಹಿಂದಿನ ಸಾಲಿನಲ್ಲಿ ಕುಳಿತಳು. ಅವಳಿಗಿಂತ ಮೊದಲು ವಿಶ್ವವಿದ್ಯಾಲಯದ ಮೇಷ್ಟರೊಬ್ಬರು ಪರದೆಯ ಮೇಲೆ ಏರುಗೆರೆಗಳನ್ನು ತೋರಿಸಿದರು. ಕಲ್ಲಿದ್ದಲ ಹೊಗೆ ಭೂಮಿಗೆ ಹೊದಿಕೆಯಾಗಿ ಕೂರುವುದು, ಸುಡುವ ದಿನಗಳು ವರ್ಷವರ್ಷಕ್ಕೂ ಹೆಚ್ಚುವುದು. ಇಬ್ಬರು ಸದಸ್ಯರು ಆಕಳಿಸಿದರು. ನೀಲಿಯಕ್ಕ ಮಾತ್ರ ಕುರ್ಚಿಯ ತುದಿಗೆ ಬಂದಳು. ಆ ಗೆರೆ ಎಲ್ಲೆಲ್ಲಿ ಏರುತ್ತಿತ್ತೋ ಅಲ್ಲೆಲ್ಲ ಅವಳಿಗೆ ತನ್ನ ಹೆಬ್ಬೆರಳು ಕಾಣುತ್ತಿತ್ತು.

ಎದುರಿನ ಸಾಲಿನಲ್ಲಿ ಸ್ಥಾವರದ ಅಧಿಕಾರಿ ಕುಳಿತಿದ್ದರು. ಸೌಮ್ಯವಾದ ಮುಖ, ಮೆದು ಮಾತು. ಅಂಗಿಯ ತೋಳಿನ ಮೇಲೆ ಎರಡು ಇಸ್ತ್ರಿಗೆರೆ. ಯಾರೋ ಆತುರದಲ್ಲಿ ಒತ್ತಿದ್ದಾರೆ ಎಂದುಕೊಂಡಳು. ನಮ್ಮ ಮನೆಯದ್ದಲ್ಲ.

ಹೆಸರು ಕರೆದರು. ಹಸಿರು ದೀಪ ಹತ್ತಿತು.

ಏಳು ಸಲ ಅಭ್ಯಾಸ ಮಾಡಿದ ಮೊದಲ ವಾಕ್ಯ ನೆನಪಿಗೆ ಬರಲಿಲ್ಲ. ಅವಳು ಸುರುಳಿಯ ದಾರ ಬಿಚ್ಚಿದಳು.

"ನಾನು ಬಟ್ಟೆ ಒಗೆಯೋಳು ಸಾರ್. ಸ್ಥಾವರದ ಗೋಡೆ ಪಕ್ಕ ನಮ್ಮ ಬೀದಿ. ಒಗೆದದ್ದನ್ನ ಮತ್ತೆ ಒಗೆದ ದಿನ ನಾವು ಕ್ಯಾಲೆಂಡರ್ ಮೇಲೆ ಬೆರಳು ಒತ್ತುತೀವಿ. ತಪ್ಪು ಮಾಡಿದೋರು ಒತ್ತಬೇಕು ಅಂತ ನಮ್ಮನೆ ಪದ್ಧತಿ. ಇದು ಎಂಟು ವರ್ಷದ ಹಿಂದಿನದು, ಹನ್ನೊಂದು ಗುರುತು. ಇದು ಹೋದ ವರ್ಷದ್ದು, ಅರವತ್ಮೂರು. ಈಗ ಮಾತಾಡಿದ ಮೇಷ್ಟ್ರು ಸುಡೋ ದಿನ ಅಂತ ತೋರಿಸಿದ್ರಲ್ಲ, ಆ ದಿನಗಳನ್ನೂ ಇದನ್ನೂ ಪಕ್ಕ ಇಟ್ಟು ನೋಡಿ. ಬಿಸಿಲು ಏರಿದ ಮಧ್ಯಾಹ್ನ ಸ್ಥಾವರದ ಸುತ್ತಿಗೆ ನಿಲ್ಲುತ್ತೆ, ಒಂಬತ್ತು ನಿಮಿಷಕ್ಕೆ ಬೂದಿ ಬರುತ್ತೆ. ಸುತ್ತಿಗೆ ಬಡೀತಾ ಇದ್ದಾಗ ಒಂದು ದಿನವೂ ಬಂದಿಲ್ಲ."

"ಅಧ್ಯಕ್ಷರೇ, ಕ್ಷಮಿಸಿ," ಎಂದರು ಅಧಿಕಾರಿ, ಅರ್ಧ ಎದ್ದು. "ನಮ್ಮವರು ಯಾರೂ ಫಿಲ್ಟರನ್ನು ಆರಿಸೋದಿಲ್ಲ. ಅದನ್ನ ಸ್ಪಷ್ಟಪಡಿಸಬೇಕು."

"ಆರಿಸ್ತೀರಿ ಅಂತ ನಾನಿನ್ನೂ ಹೇಳೇ ಇಲ್ಲವಲ್ಲ ಸಾರ್."

ಮೇಜಿನ ಸುತ್ತ ನಗು ಎದ್ದಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಎಂದು ಸದಸ್ಯರೊಬ್ಬರು ಪಕ್ಕದವರ ಕಿವಿಯಲ್ಲಿ ಹೇಳಿದ್ದು ಮೈಕಿನಲ್ಲೂ ಕೇಳಿಸಿತು. ಅಧಿಕಾರಿಯೂ ನಕ್ಕರು. ಆಮೇಲೆ ಅವಳ ಮಡಿಲನ್ನು ತೋರಿಸಿ ಅಷ್ಟೇ ಮೆತ್ತಗೆ ಹೇಳಿದರು:

"ಈ ತಾಯಿಯ ಶ್ರಮದ ಬಗ್ಗೆ ನಮಗೆ ಗೌರವವಿದೆ. ಆದ್ರೆ ಅವರು ತಂದಿರೋ ಬಟ್ಟೇನೇ ನೋಡಿ. ನಮ್ಮ ಸ್ಥಾವರದ ಪಕ್ಕದ ಗಾಳಿಯಲ್ಲೇ ಒಣಗಿದ್ದು ತಾನೆ? ಇಷ್ಟು ಬಿಳಿ ಬಟ್ಟೆ ನಾನು ಆಸ್ಪತ್ರೇಲೂ ನೋಡಿಲ್ಲ."

ಈ ಸಲದ ನಗು ಆ ಕಡೆಯದು. ದೀಪ ಹಳದಿಯಾಯಿತು.

ನೀಲಿಯಕ್ಕ ಶೀಟನ್ನು ಬಿಚ್ಚಿದಳು. ಯೋಚಿಸಿ ಮಾಡಿದ್ದಲ್ಲ. ಬಟ್ಟೆಯ ಮೇಲೆ ಮಾತು ಬಂದಾಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುವುದು ಅವಳ ಕೈಗೆ ಹತ್ತಿದ ರೂಢಿ. ಕಿಟಕಿಯ ಬಿಸಿಲು ಹಿಂದಿನಿಂದ ಬಿದ್ದಿತು. ಬಟ್ಟೆಯ ಆಚೆ ಅಧ್ಯಕ್ಷರ ಕನ್ನಡಕ, ಅವರ ಬಿಳಿ ಮೀಸೆ, ಅವರ ಮುಂದಿನ ನೀರಿನ ಲೋಟ, ಎಲ್ಲವೂ ಮಂಜಿನಾಚೆ ಕಂಡಂತೆ ಅವಳಿಗೆ ಕಂಡವು.

"ನಿಮಗೆ ನಾನು ಕಾಣ್ತೀನಾ ಸಾರ್?" ಎಂದು ಅಧ್ಯಕ್ಷರನ್ನು ಕೇಳಿದಳು.

"ಕಾಣ್ತೀಯಮ್ಮ," ಎಂದರು ಅವರು, ಸ್ವಲ್ಪ ಗಾಬರಿಯಿಂದಲೇ.

"ಕಾಣಬಾರದು. ಇದು ಆಸ್ಪತ್ರೆ ಶೀಟು. ಅಂಚಲ್ಲಿ ಕೊಟ್ಟ ತಿಂಗಳ ಮುದ್ರೆ ಇದೆ, ಇನ್ನೂ ಎಂಟು ತಿಂಗಳಾಗಿಲ್ಲ. ಮೂರು ವರ್ಷ ಬಾಳೋ ನೂಲು ಇದು. ಬೂದಿ ಬಿದ್ದಾಗಲೆಲ್ಲ ಎರಡು ಸಲ, ಮೂರು ಸಲ ಒಗೆದು ಒಗೆದು ಹೀಗಾಗಿದೆ. ಮಂಗಳವಾರ ಇದರ ಮೇಲೆ ಬೂದಿ ಇತ್ತು. ಹಾಗೇ ತರೋಣ ಅಂತ ಇಟ್ಟಿದ್ದೆ. ನಮ್ಮತ್ತೆಗೆ ಮನಸ್ಸು ತಡೀಲಿಲ್ಲ, ಒಗೆದುಬಿಟ್ಟರು. ಇದೇ ಮುದ್ರೆಯ ಶೀಟುಗಳು ಊರಾಚೆಯ ಇನ್ನೊಂದು ಲಾಂಡ್ರಿಗೂ ಹೋಗುತ್ತವೆ. ಒಂದನ್ನ ತರಿಸಿ ಹೀಗೇ ಹಿಡಿದು ನೋಡಿ. ಬಿಳುಪು ಅವರ ಗಾಳಿಯದಲ್ಲ ಸಾರ್, ನಮ್ಮ ರಟ್ಟೆಯದು."

ಈಗ ಯಾರೂ ನಗಲಿಲ್ಲ. ಅವಳು ಶೀಟನ್ನು ಕೆಳಗಿಳಿಸದೆಯೇ ಮುಂದುವರಿದಳು, ಇಳಿಸಿದರೆ ಮಾತು ನಿಂತೀತೆಂಬಂತೆ.

"ನನ್ನ ಬೆರಳು ನಂಬಬೇಡಿ, ಬಟ್ಟೇನೂ ನಂಬಬೇಡಿ. ಆ ಫಿಲ್ಟರ್‌ಗೆ ಅದರದ್ದೇ ಕರೆಂಟಿನ ಮೀಟರ್ ಇದೆ. ಎಂಟು ವರ್ಷದ ಓದು ಎಲ್ಲಿದೆ ಅಂತ ಅವರನ್ನ ಕೇಳ್ತೀನಿ."

"ಸಾಕ್ಷಿಗಳು ಇನ್ನೊಬ್ಬರನ್ನ ಪ್ರಶ್ನೆ ಕೇಳೋ ಹಾಗಿಲ್ಲಮ್ಮ. ನಿಯಮ."

"ಹಾಗಾದ್ರೆ ನೀವೇ ಕೇಳಿ ಸಾರ್. ನಾನು ಕೂತು ಕೇಳಿಸ್ಕೋತೀನಿ."

ಕೆಂಪು ದೀಪ ಹತ್ತಿ ಮೈಕು ಹೋಯಿತು. ಅಧ್ಯಕ್ಷರು ಕನ್ನಡಕ ತೆಗೆದು ಅಧಿಕಾರಿಯ ಕಡೆ ತಿರುಗಿದರು. "ಇದೆಯಾ ಮೀಟರ್?"

ಅಧಿಕಾರಿ ಮುಂದಿದ್ದ ಕಾಗದಗಳನ್ನು ಒಂದರ ಕೆಳಗೊಂದು ಸರಿಸಿದರು. "ಅದನ್ನ... ಪರಿಶೀಲಿಸಿ ತಿಳಿಸ್ತೀವಿ."

"ಮೀಟರ್ ಓದನ್ನು ತರಿಸಿಕೊಳ್ಳಬೇಕೆಂಬ ಕೋರಿಕೆ ದಾಖಲಾಗಲಿ," ಎಂದರು ಅಧ್ಯಕ್ಷರು. "ಮುಂದಿನವರು."

*

ದಾಖಲಾದದ್ದನ್ನು ಓದಿ ಸಹಿ ಹಾಕಬೇಕಾದದ್ದು ಕೆಳಗಿನ ಒಂಬತ್ತನೆಯ ಕೊಠಡಿಯಲ್ಲಿ, ಐದು ಗಂಟೆಯೊಳಗೆ. ಅಲ್ಲಿ ಸೇರಿದ ಹೇಳಿಕೆ ಮಾತ್ರ ಸಮಿತಿಯ ವರದಿಗೆ ಹೋಗುತ್ತದೆ, ಮಿಕ್ಕದ್ದು ಗಾಳಿಗೆ ಹೋಗುತ್ತದೆ ಎಂದು ವಕೀಲೆ ಮೊದಲೇ ಎಚ್ಚರಿಸಿದ್ದಳು. ಅವಳಿಗೆ ಇನ್ನೂ ಇಬ್ಬರು ಸಾಕ್ಷಿಗಳಿದ್ದರಿಂದ ನೀಲಿಯಕ್ಕ ಸುರುಳಿಗಳನ್ನು ಅವಳ ಬಳಿ ಬಿಟ್ಟು ಒಬ್ಬಳೇ ಇಳಿದು ಹೋದಳು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು.

ಗುಮಾಸ್ತ ದಣಿದಿದ್ದ. ಮೇಜಿನ ಮೇಲೆ ಐವತ್ತೆಂಟು ಹೇಳಿಕೆಗಳ ಸಾರಾಂಶ, ಒಬ್ಬೊಬ್ಬರದು ಎರಡೆರಡು ಸಾಲು. ಅವಳದ್ದನ್ನು ಹುಡುಕಿ ಮುಂದಿಟ್ಟು, ಸಹಿಯ ಜಾಗಕ್ಕೆ ಪೆನ್ನಿನ ತುದಿಯಿಂದ ಗುರುತು ಮಾಡಿದ.

ಅವಳು ಸಹಿ ಹಾಕಲಿಲ್ಲ, ಓದಿದಳು. ಒಂದೊಂದೇ ಅಕ್ಷರ, ತುಟಿ ಅಲುಗಿಸುತ್ತಾ.

"ಲಾಂಡ್ರಿ ಬೀದಿಯ ನಿವಾಸಿ. ಸ್ಥಾವರದ ಸುತ್ತಿಗೆಯ ಸದ್ದಿನಿಂದ ಮಧ್ಯಾಹ್ನದ ವೇಳೆ ತೊಂದರೆ, ಸದ್ದು ನಿಲ್ಲಿಸಲು ಕೋರಿಕೆ. ಸ್ಥಾವರದ ಉತ್ತರ: ಒಪ್ಪಿದೆ, ಕ್ರಮ ಕೈಗೊಳ್ಳಲಾಗುವುದು."

ಮತ್ತೊಮ್ಮೆ ಓದಿದಳು.

"ಅಣ್ಣ, ಇದು ನಾನು ಹೇಳಿದ್ದಲ್ಲ."

"ಸದ್ದು, ಸುತ್ತಿಗೆ ಅಂತ ಹೇಳಿದ್ರಲ್ಲಮ್ಮ. ನಾನೇ ಕೂತು ಬರ್ಕೊಂಡೆ."

"ಸದ್ದು ನಿಂತ್ರೆ ತೊಂದರೆ ಅಂತ ಹೇಳಿದ್ದು. ಇದರಲ್ಲಿ ಸದ್ದೇ ತೊಂದರೆ ಅಂತಿದೆ. ಅವರು ಒಪ್ಪಿಕೊಂಡೂ ಆಗಿದೆ. ನಾಳೆಯಿಂದ ದಿನವಿಡೀ ನಿಲ್ಲಿಸ್ತಾರೆ, ನಿಮ್ಮ ಕೋರಿಕೆಯ ಪ್ರಕಾರವೇ ಅಂತಾರೆ. ಮೀಟರ್ ಎಲ್ಲಿ? ಅಧ್ಯಕ್ಷರು ದಾಖಲಾಗಲಿ ಅಂದ್ರಲ್ಲ."

ಗುಮಾಸ್ತ ಹಣೆ ಉಜ್ಜಿಕೊಂಡ. ಅವನು ಕೆಟ್ಟವನಲ್ಲ. ಫ್ಯಾಕ್ಟರಿ ಪಕ್ಕದವರು ಬಂದರೆ ಸದ್ದಿನ ದೂರು ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಅವನು ಬರೆದದ್ದು ಅದನ್ನೇ. ಸದ್ದು ಬೇಕೆಂದು ಕೇಳಿಕೊಂಡು ಬಂದವರನ್ನು ಅವನು ಕಂಡಿರಲಿಲ್ಲ.

"ಈಗ ಏನೂ ಮಾಡೋಕಾಗಲ್ಲ ಅಕ್ಕ. ಸ್ಥಾವರದವರು ಆಗಲೇ ಉತ್ತರ ಬರೆಸಿ ಹೋದ್ರು. ಉತ್ತರ ಸೇರಿದ ಮೇಲೆ ನಾನು ಒಂದಕ್ಷರ ತಿದ್ದೋ ಹಾಗಿಲ್ಲ. ಪಕ್ಕದಲ್ಲಿ ಅಧ್ಯಕ್ಷರ ಸಹಿ ಬಿದ್ರೆ ಮಾತ್ರ. ಐದಕ್ಕೆ ಎಲ್ಲಾ ಮುದ್ರಣಕ್ಕೆ ಹೋಗುತ್ತೆ. ಸಹಿ ಹಾಕಿ ಹೋಗಿ, ಆಮೇಲೆ ಬೇರೆ ಅರ್ಜಿ ಕೊಡಿ."

"ಪೆನ್ನು ಕೊಡಿ."

ಅವಳು ಸಹಿಯ ಜಾಗಕ್ಕೆ ಹೋಗಲಿಲ್ಲ. ಆ ಎರಡು ಸಾಲಿನ ಮೇಲೆ, ಕೆಳಗಿನ ಅಕ್ಷರ ಕಾಣುವಂತೆ, ಒಂದೇ ಗೆರೆ ಎಳೆದಳು. ಅಂಚಿನ ಖಾಲಿ ಜಾಗದಲ್ಲಿ ಏಳನೆಯ ತರಗತಿಯ ದುಂಡು ಅಕ್ಷರದಲ್ಲಿ ಬರೆದಳು: ಸುತ್ತಿಗೆ ಸದ್ದು ನಿಲ್ಲಬಾರದು. ನಿಂತಾಗ ಬೂದಿ ಬೀಳುತ್ತದೆ. ಫಿಲ್ಟರ್ ಮೀಟರಿನ ಎಂಟು ವರ್ಷದ ಓದನ್ನು ಸಮಿತಿ ತರಿಸಿಕೊಳ್ಳಬೇಕು.

ಗುಮಾಸ್ತ ಅದನ್ನು ಓದಿ, ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ: "ಸಭೆ ಈಗ ಮುಗಿಯುತ್ತೆ. ಮುಗಿದ ಕೂಡಲೇ ಅವರು ಹಿಂದಿನ ಮೆಟ್ಟಿಲಿಂದ ಕಾರಿಗೆ ಹೋಗ್ತಾರೆ. ಮೇಲೆ ಕಾರಿಡಾರಲ್ಲಿ ಹಿಡಿದ್ರೆ ಸಿಕ್ಕಾರು. ಹಾಳೆ ತಗೊಂಡು ಹೋಗಿ. ಐದರೊಳಗೆ ತಂದುಕೊಡಬೇಕು. ನನ್ನ ಕೆಲಸಕ್ಕೆ ಕಲ್ಲು ಹಾಕಬೇಡಿ."

*

ಮೇಲಿನ ಕಾರಿಡಾರ್ ಉದ್ದವಾಗಿತ್ತು. ಸಮಿತಿಯ ಕೊಠಡಿಯ ಬಾಗಿಲು ಇನ್ನೂ ಮುಚ್ಚಿತ್ತು. ನೀಲಿಯಕ್ಕ ಅದರ ಎದುರಿನ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕಂಕುಳಲ್ಲಿ ಶೀಟು, ಕೈಯಲ್ಲಿ ಹಾಳೆ. ನಾಲ್ಕೂ ನಲವತ್ತು.

ಪಕ್ಕದ ಬಾಗಿಲಿನಿಂದ ಸ್ಥಾವರದ ಅಧಿಕಾರಿ ಹೊರಬಂದರು. ಅವಳನ್ನು ಕಂಡು ನೇರ ಅವಳ ಬಳಿಗೇ ಬಂದರು.

"ಚೆನ್ನಾಗಿ ಮಾತಾಡಿದ್ರಿ ಅಮ್ಮ. ನಿಜಕ್ಕೂ. ನಮ್ಮ ಎಂಜಿನಿಯರುಗಳಿಗೆ ಹೀಗೆ ಮಾತಾಡೋಕೆ ಬರಲ್ಲ."

"ಅವರಿಗೆ ಮೂರೇ ನಿಮಿಷ ಕೊಟ್ಟು ನೋಡಿ ಸಾರ್, ಬರುತ್ತೆ."

ಅವರು ಮನಸಾರೆ ನಕ್ಕರು. "ನೋಡಿ, ನಾವೂ ಮನುಷ್ಯರೇ. ಒಳಗೆ ನೀವು ಆ ಬಟ್ಟೆ ಹಿಡಿದಾಗ ನನಗೂ ಒಂಥರಾ ಆಯ್ತು. ಆಗಲೇ ನಮ್ಮವರಿಗೆ ಫೋನ್ ಮಾಡಿದೆ. ನಿಮ್ಮ ಬೀದಿಗೆ ಬಟ್ಟೆ ಒಣಗಿಸೋ ಯಂತ್ರ ಹಾಕಿಸಿಕೊಡ್ತೀವಿ. ಆರು ಯಂತ್ರ, ಮೇಲೆ ಶೆಡ್ಡು. ಹಗ್ಗವೂ ಬೇಡ, ಓಡೋದೂ ಬೇಡ. ಈ ಹಾಳೆ ಗೀಳೆ ಎಲ್ಲ ಯಾಕೆ? ಆ ಸಾರಾಂಶಕ್ಕೆ ಒಂದು ಸಹಿ ಹಾಕಿದ್ರೆ ಮುಗೀತು. ಮುಂದಿನ ತಿಂಗಳೇ ಕೆಲಸ ಶುರು."

ಒಂದು ಕ್ಷಣ ಅವಳ ಕಣ್ಣಿಗೆ ಆ ಶೆಡ್ಡು ಕಂಡಿತು. ಆರು ಯಂತ್ರ. ಅತ್ತೆಯ ಸೊಂಟ, ಗಂಡನ ಭುಜ, ಎರಡೂವರೆಯ ಆ ಓಟ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ ಎಂದು ಗೊತ್ತಿದ್ದರೂ, ತುಪ್ಪದ ಪರಿಮಳ ಪರಿಮಳವೇ.

"ಬಟ್ಟೆ ಒಳಗೆ ಒಣಗುತ್ತೆ," ಎಂದಳು ನಿಧಾನವಾಗಿ. "ನಾವು ಎಲ್ಲಿ ಉಸಿರಾಡೋದು ಸಾರ್? ಅದಕ್ಕೂ ಶೆಡ್ಡು ಹಾಕಿಸ್ತೀರಾ?"

"ಅಯ್ಯೋ, ಹಾಗಲ್ಲ ಅಮ್ಮ..."

"ಆರು ಯಂತ್ರಕ್ಕೆ ಕರೆಂಟು ಎಲ್ಲಿಂದ ಬರುತ್ತೆ?"

ಅವರು ತಬ್ಬಿಬ್ಬಾದರೂ ಸೌಮ್ಯತೆ ಬಿಡಲಿಲ್ಲ. ಅವಳ ಮತ್ತು ಆ ಮುಚ್ಚಿದ ಬಾಗಿಲಿನ ನಡುವೆ ಒಂದು ಹೆಜ್ಜೆ ಸರಿದು ನಿಂತರು. ಬೇಕೆಂದೇ ಸರಿದರೋ, ಮಾತಿನ ಭರದಲ್ಲೋ. "ನಿಮ್ಮತ್ತೆಯವರ ವಿಷಯ ಹೇಳಿದ್ರಲ್ಲ ಒಳಗೆ, ಐವತ್ತು ವರ್ಷ ದುಡಿದ ಜೀವ ಇರಬೇಕು. ಅಂಥವರನ್ನ ಗೌರವಿಸಬೇಕು. ಉದ್ಘಾಟನೆ ಅವರ ಕೈಯಿಂದಲೇ ಮಾಡಿಸೋಣ. ಬೇಕಿದ್ರೆ ಆ ಶೆಡ್ಡಿಗೆ ಅವರ ಹೆಸರನ್ನೇ..."

ಅವರ ಭುಜದ ಮೇಲಿಂದ ನೀಲಿಯಕ್ಕನಿಗೆ ಬಾಗಿಲು ತೆರೆದದ್ದು ಕಂಡಿತು. ಅಧ್ಯಕ್ಷರು ಕನ್ನಡಕವನ್ನು ಜೇಬಿಗಿಡುತ್ತಾ ಹೊರಬಂದು, ಎಡಕ್ಕೆ, ಹಿಂದಿನ ಮೆಟ್ಟಿಲ ಕಡೆಗೆ ತಿರುಗಿದರು. ಅವಳು ಕಂಕುಳಿನ ಶೀಟನ್ನು ಇನ್ನಷ್ಟು ಬಿಗಿ ಮಾಡಿಕೊಂಡು, ಅಧಿಕಾರಿಯ ಪಕ್ಕದಿಂದ ನುಸುಳಿ, ಹಾಳೆಯನ್ನು ಎದೆಯ ಮುಂದೆ ಹಿಡಿದು ಅಧ್ಯಕ್ಷರ ಕಡೆಗೆ ನಡೆದಳು.